ಕಾರ್ಖಾನೆ ನೀರಿನ ಸಾರಜನಕ: ಬ್ಯಾಕ್ಟೀರಿಯಾಗಳ ಕೆಲಸವೂ ಕೊಪ್ಪಳ ಸೀಮೆಯ ಪಾಠವೂ

ರಾಯಚೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ನೀರಿನ ದೃಷ್ಟಿಯಿಂದ ಎರಡು ಮುಖಗಳುಳ್ಳ ನಾಡು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಹಸಿರಾದ ಗಂಗಾವತಿ ಸೀಮೆ ಭತ್ತದ ಕಣಜವೆನಿಸಿದ್ದರೆ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಗಳು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿಕೊಂಡಿವೆ. ಇವೆರಡರ ನಡುವಿನ ಕೊಪ್ಪಳ ತಾಲ್ಲೂಕಿನಲ್ಲಿ ಗಿಣಿಗೇರಿ ಸುತ್ತಮುತ್ತ ಕಬ್ಬಿಣದ ಕಾರ್ಖಾನೆಗಳು ಸಾಲುಗಟ್ಟಿವೆ. ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ನಡೆದ ಬಳಿಕ ಕೈಗಾರಿಕಾ ತ್ಯಾಜ್ಯದ ಪ್ರಶ್ನೆ ಜಿಲ್ಲೆಯ ಮನೆಮಾತಾಗಿದೆ. ಆದರೆ ಹೊಗೆ ಮತ್ತು ದೂಳು ಕಣ್ಣಿಗೆ ಬೀಳುವಂತೆ ನೀರಿನಲ್ಲಿ ಕರಗಿದ ಸಾರಜನಕ ಕಣ್ಣಿಗೆ ಬೀಳುವುದಿಲ್ಲ. ಬಣ್ಣವಿಲ್ಲದ ಈ ಮಾಲಿನ್ಯವನ್ನು ತೆಗೆಯಲು ಜಗತ್ತಿನಾದ್ಯಂತ ಹೆಚ್ಚಾಗಿ ನೆಚ್ಚಿಕೊಂಡಿರುವುದು ಬ್ಯಾಕ್ಟೀರಿಯಾಗಳನ್ನೇ. ಅವುಗಳ ಕಾರ್ಯವಿಧಾನ, ಮಿತಿ ಹಾಗೂ ನಮ್ಮ ಸೀಮೆಗೆ ಅವು ಹೇಳುವ ಪಾಠವನ್ನು ಇಲ್ಲಿ ವಿವರಿಸಲಾಗಿದೆ.

ಸಾರಜನಕ ಏಕೆ ಮಾಲಿನ್ಯ?

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಅನಿಲರೂಪದಲ್ಲಿ ಅದು ನಿರುಪದ್ರವಿ. ಅದೇ ಸಾರಜನಕ ಅಮೋನಿಯಾ, ನೈಟ್ರೈಟ್ ಅಥವಾ ನೈಟ್ರೇಟ್ ರೂಪದಲ್ಲಿ ನೀರಿಗೆ ಸೇರಿದಾಗ ಮೂರು ಬಗೆಯ ತೊಂದರೆಗಳು ಹುಟ್ಟುತ್ತವೆ.

ಮೊದಲನೆಯದು, ಅಮೋನಿಯಾ ಮೀನುಗಳಿಗೆ ವಿಷ. ಎಷ್ಟು ವಿಷ ಎಂಬುದು ನೀರಿನ ಕ್ಷಾರತೆ ಮತ್ತು ತಾಪಮಾನವನ್ನು ಅವಲಂಬಿಸಿದೆ. ನಮ್ಮ ಬೇಸಿಗೆಯ ನದಿನೀರಿನಂತೆ 30 ಡಿಗ್ರಿ ಸೆಲ್ಸಿಯಸ್ ಇರುವಾಗ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷಕಾರಿಯಾದ ಮುಕ್ತ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ. 7ರಿಂದ 8ಕ್ಕೆ, 9ಕ್ಕೆ ಏರಿದರೆ ಶೇ. 40ಕ್ಕೂ ಹೆಚ್ಚಾಗುತ್ತದೆ. ಆದ್ದರಿಂದ ಒಂದೇ ಪ್ರಮಾಣದ ಅಮೋನಿಯಾ ಒಂದು ದಿನ ಮೀನನ್ನು ಉಳಿಸಿ ಇನ್ನೊಂದು ದಿನ ಕೊಲ್ಲಬಲ್ಲದು.

ಎರಡನೆಯದು, ಅಮೋನಿಯಾ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಿ ಮಾರ್ಪಡಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಬೆಚ್ಚಗಿನ ನದಿನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಲೀಟರಿಗೆ 10 ಮಿಲಿಗ್ರಾಂ ಅಮೋನಿಯಾ ಸಾರಜನಕವಿರುವ ಒಂದು ಲೀಟರ್ ತ್ಯಾಜ್ಯನೀರು ಆರು ಲೀಟರ್ ನದಿನೀರಿನ ಆಮ್ಲಜನಕವನ್ನು ಬರಿದು ಮಾಡಬಲ್ಲದು ಎಂದಾಯಿತು. ಜೊತೆಗೆ ಸಾರಜನಕ ಮತ್ತು ರಂಜಕಗಳು ಪಾಚಿಗೆ ಗೊಬ್ಬರ. ತುಂಗಭದ್ರಾ ಜಲಾಶಯದ ನೀರು ಇತ್ತೀಚಿನ ಹಲವು ವರ್ಷಗಳಲ್ಲಿ ಹಸಿರು ಬಣ್ಣಕ್ಕೆ ತಿರುಗಿದ್ದನ್ನು ಓದುಗರು ಬಲ್ಲರು. ಇಂಥ ಪಾಚಿ ಬೆಳೆಯುವುದು ಮೇಲ್ಭಾಗದ ಊರು, ಹೊಲ, ಕಾರ್ಖಾನೆಗಳಿಂದ ಹರಿದುಬರುವ ಪೋಷಕಾಂಶಗಳ ಬಲದಿಂದಲೇ.

ಮೂರನೆಯದು ಕುಡಿಯುವ ನೀರಿನದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಂತೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು; ಈ ಮಿತಿಗೆ ಸಡಿಲಿಕೆಯೇ ಇಲ್ಲ. ಹೆಚ್ಚು ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಹಸುಗೂಸಿಗೆ ಕುಡಿಸಿದರೆ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟುವ ಅಪಾಯವಿದೆ.

ಎರಡು ಪಾಳಿಯ ಕೆಲಸಗಾರರು

ಸಾರಜನಕ ನಿವಾರಣೆಯ ಜೈವಿಕ ವಿಧಾನ ಎರಡು ಹಂತಗಳದ್ದು. ಮೊದಲ ಹಂತ ನೈಟ್ರೀಕರಣ. ಇಲ್ಲಿ ನೈಟ್ರೊಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಮೊದಲಾದವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಇವಕ್ಕೆ ಗಾಳಿ ಬೇಕು, ಆದರೆ ಸಾವಯವ ಆಹಾರ ಬೇಕಿಲ್ಲ. ಅಮೋನಿಯಾವನ್ನು ದಹಿಸಿ ಸಿಗುವ ಅಲ್ಪ ಶಕ್ತಿಯಿಂದಲೇ ಇವು ಬದುಕುವುದರಿಂದ ಬಹು ನಿಧಾನವಾಗಿ ಬೆಳೆಯುತ್ತವೆ.

ಎರಡನೆಯ ಹಂತ ವಿನೈಟ್ರೀಕರಣ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಸೂಡೊಮೊನಾಸ್, ಪ್ಯಾರಾಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿಕೊಂಡು ಸಾರಜನಕವನ್ನು ಅನಿಲರೂಪದಲ್ಲಿ ಬಿಟ್ಟುಬಿಡುತ್ತವೆ. ಇವಕ್ಕೆ ಗಾಳಿ ಬೇಡ, ಆದರೆ ಸಾವಯವ ಇಂಗಾಲದ ಆಹಾರ ಕಡ್ಡಾಯ.

ಹೀಗೆ ಪರಸ್ಪರ ವಿರುದ್ಧ ಸ್ವಭಾವದ ಎರಡು ಪಂಗಡಗಳನ್ನು ಒಂದೇ ಘಟಕದಲ್ಲಿ ದುಡಿಸಿಕೊಳ್ಳುವುದೇ ಈ ತಂತ್ರದ ಸಾರ. ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ 1973ರಲ್ಲಿ ಸುಧಾರಿಸಿ ರೂಪಿಸಿದ ವಿನ್ಯಾಸದಲ್ಲಿ ಗಾಳಿರಹಿತ ತೊಟ್ಟಿ ಮೊದಲು, ಗಾಳಿಯ ತೊಟ್ಟಿ ಅನಂತರ ಬರುತ್ತದೆ. ಎರಡನೆಯದರಲ್ಲಿ ಹುಟ್ಟಿದ ನೈಟ್ರೇಟ್ ನೀರನ್ನು ಪಂಪ್ ಮೂಲಕ ಮೊದಲನೆಯದಕ್ಕೆ ಮರಳಿಸಲಾಗುತ್ತದೆ. ಆಗ ಹೊಸದಾಗಿ ಬರುವ ತ್ಯಾಜ್ಯದ ಸಾವಯವ ವಸ್ತುವೇ ವಿನೈಟ್ರೀಕರಣಕ್ಕೆ ಆಹಾರವಾಗುತ್ತದೆ. ಹೊರಗಿನಿಂದ ಕೊಂಡು ಹಾಕುವ ಖರ್ಚು ಉಳಿಯುತ್ತದೆ.

ಬೆಂಗಳೂರಿನ ನಂಟು

ನೈಟ್ರೀಕರಣ ಜೀವಿಗಳ ಕೆಲಸವೆಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿಕೊಟ್ಟರು. ಮರಳಿನ ಮೂಲಕ ಇಳಿಯುವ ಚರಂಡಿ ನೀರಿನಲ್ಲಿ ನಡೆಯುತ್ತಿದ್ದ ಈ ಬದಲಾವಣೆ ಕ್ಲೋರೋಫಾರ್ಮ್ ಹಾಯಿಸಿದೊಡನೆ ನಿಂತುಹೋಯಿತು. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ 1890ರಲ್ಲಿ ಆ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿದರು.

ಇಂದಿನ ಹೆಚ್ಚಿನ ಶುದ್ಧೀಕರಣ ಘಟಕಗಳಿಗೆ ಆಧಾರವಾದ ಸಕ್ರಿಯ ಕೆಸರು ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ಗಮನಾರ್ಹ. ಅವರು 1934ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ಸಾರಜನಕದ ಸಂರಕ್ಷಣೆ. ಚರಂಡಿಯ ಸಾರಜನಕವನ್ನು ಗಾಳಿಗೆ ಬಿಡುವುದಕ್ಕಿಂತ ಹೊಲಕ್ಕೆ ಮರಳಿಸುವುದು ಲೇಸೆಂಬ ಚಿಂತನೆ ಆ ಕಾಲಕ್ಕೇ ಇತ್ತು. ಆ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ.

ಗಂಗಾವತಿಯ ಗದ್ದೆ ಎಂಬ ಶುದ್ಧೀಕರಣ ಘಟಕ

ಈ ಎರಡು ಹಂತಗಳನ್ನು ನೋಡಲು ದೊಡ್ಡ ಕಾರ್ಖಾನೆಗೆ ಹೋಗಬೇಕಾಗಿಲ್ಲ. ನೀರು ನಿಂತ ಭತ್ತದ ಗದ್ದೆಯಲ್ಲಿ ಅದೇ ಕ್ರಿಯೆ ಹಗಲಿರುಳು ನಡೆಯುತ್ತಿರುತ್ತದೆ. ಗದ್ದೆಯ ಕೆಸರಿನ ಮೇಲ್ಪದರ, ಕೆಲವೇ ಮಿಲಿಮೀಟರಿನಷ್ಟು ದಪ್ಪದ್ದು, ನೀರಿನಿಂದ ಆಮ್ಲಜನಕ ಪಡೆಯುತ್ತದೆ. ಅದರ ಕೆಳಗಿನ ಕಪ್ಪು ಕೆಸರಿನಲ್ಲಿ ಆಮ್ಲಜನಕವಿಲ್ಲ. ರೈತ ಎರಚಿದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಅದರಲ್ಲೊಂದು ಭಾಗ ನೇರವಾಗಿ ಗಾಳಿಗೆ ಹಾರಿಹೋದರೆ, ಇನ್ನೊಂದು ಭಾಗ ಮೇಲ್ಪದರದಲ್ಲಿ ನೈಟ್ರೇಟ್ ಆಗಿ, ಕೆಳಗಿಳಿದು, ಅನಿಲವಾಗಿ ಹೊರಟುಹೋಗುತ್ತದೆ. ಭತ್ತದ ಬೆಳೆ ಹಾಕಿದ ಸಾರಜನಕದಲ್ಲಿ ಸಾಮಾನ್ಯವಾಗಿ ಶೇ. 30ರಿಂದ 40ರಷ್ಟನ್ನು ಮಾತ್ರ ಬಳಸಿಕೊಳ್ಳುವುದಕ್ಕೆ ಇವೂ ಕಾರಣಗಳು.

ಗೊಬ್ಬರವನ್ನು ಕೆಸರಿನ ಆಳಕ್ಕೆ ಸೇರಿಸಬೇಕು, ಕಂತುಗಳಲ್ಲಿ ಹಾಕಬೇಕು ಎಂದು ಕೃಷಿ ವಿಜ್ಞಾನಿಗಳು ಹೇಳುವುದೂ, 2015ರಲ್ಲಿ ಕೇಂದ್ರ ಸರ್ಕಾರ ದೇಶೀಯ ಯೂರಿಯಾಕ್ಕೆಲ್ಲ ಬೇವಿನ ಲೇಪನವನ್ನು ಕಡ್ಡಾಯಗೊಳಿಸಿದ್ದೂ ಈ ನಷ್ಟವನ್ನು ತಡೆಯಲೆಂದೇ. ಬೇವಿನ ಎಣ್ಣೆಯ ಅಂಶ ನೈಟ್ರೀಕರಣವನ್ನು ನಿಧಾನಗೊಳಿಸುತ್ತದೆ. ಅಂದರೆ ರೈತ ಯಾವ ಬ್ಯಾಕ್ಟೀರಿಯಾಗಳ ಕೈಕಟ್ಟಲು ಯತ್ನಿಸುತ್ತಾನೋ ಅವನ್ನೇ ಕಾರ್ಖಾನೆಯ ಎಂಜಿನಿಯರ್ ಸಾಕಿ ಸಲಹಬೇಕಾಗಿದೆ.

ಯಾವ ಕಾರ್ಖಾನೆ, ಎಂಥ ನೀರು?

ಎಲ್ಲ ಕೈಗಾರಿಕೆಗಳ ನೀರಿನಲ್ಲೂ ಸಾರಜನಕದ ಸಮಸ್ಯೆ ಇರುವುದಿಲ್ಲ. ಗೊಬ್ಬರ, ಔಷಧ, ಚರ್ಮ, ಡೈರಿ, ಕಸಾಯಿಖಾನೆ, ಕೋಕ್ ಒಲೆಗಳ ತ್ಯಾಜ್ಯನೀರಿನಲ್ಲಿ ಅದು ಹೆಚ್ಚು. ಕಾಗದ ಮತ್ತು ತಿರುಳಿನ ಕಾರ್ಖಾನೆಗಳ ನೀರಿನಲ್ಲಿ ತೀರ ಕಡಿಮೆ. ತುಂಗಭದ್ರೆಯ ಮೇಲ್ಭಾಗದಲ್ಲಿ ಹರಿಹರದ ಬಳಿಯ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಜನಾಂದೋಲನ ನಡೆದದ್ದು ರಾಜ್ಯದ ಪರಿಸರ ಇತಿಹಾಸದ ಮುಖ್ಯ ಅಧ್ಯಾಯ. ತಿರುಳಿನ ತ್ಯಾಜ್ಯದ ಸಮಸ್ಯೆ ಸಾವಯವ ವಸ್ತುವಿನದು. ಅದನ್ನು ಶುದ್ಧೀಕರಿಸುವ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಯೂರಿಯಾವನ್ನು ಹೊರಗಿನಿಂದ ಉಣಿಸಬೇಕಾಗುತ್ತದೆ. ನೂರು ಪಾಲು ಸಾವಯವ ಆಹಾರಕ್ಕೆ ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ.

ಗಿಣಿಗೇರಿ ಭಾಗದ ಸ್ಪಾಂಜ್ ಐರನ್ ಘಟಕಗಳ ಮುಖ್ಯ ಪಿಡುಗು ನೀರಿನದಲ್ಲ, ದೂಳು ಮತ್ತು ಹೊಗೆಯದು. ಊದುಕುಲುಮೆಯ ಅನಿಲವನ್ನು ನೀರಿನಿಂದ ತೊಳೆಯುವಲ್ಲಿ ಅಲ್ಪ ಪ್ರಮಾಣದ ಅಮೋನಿಯಾ ಮತ್ತು ಸೈನೈಡ್ ನೀರಿಗಿಳಿಯುತ್ತವೆ. ನಿಜವಾದ ಸವಾಲಿರುವುದು, ಉಪೋತ್ಪನ್ನಗಳನ್ನು ಸಂಗ್ರಹಿಸುವ ಕೋಕ್ ಒಲೆಗಳುಳ್ಳ ಸಮಗ್ರ ಉಕ್ಕಿನ ಸ್ಥಾವರಗಳಲ್ಲಿ. ಕಲ್ಲಿದ್ದಲನ್ನು ಮುಚ್ಚಿದ ಒಲೆಯಲ್ಲಿ ಕಾಯಿಸಿದಾಗ ಹೊರಬರುವ ನೀರಿನಲ್ಲಿ ಅಮೋನಿಯಾದ ಜೊತೆ ಫೀನಾಲ್, ಸೈನೈಡ್, ಥಯೋಸೈನೇಟ್ ಸೇರಿರುತ್ತವೆ. ಇವೆಲ್ಲವೂ ನೈಟ್ರೀಕರಣದ ಬ್ಯಾಕ್ಟೀರಿಯಾಗಳಿಗೆ ಬಾಧಕ. ಆದಕಾರಣ ಮೊದಲು ಹಬೆ ಹಾಯಿಸಿ ಹೆಚ್ಚಿನ ಅಮೋನಿಯಾವನ್ನು ಹೊರತೆಗೆದು, ಬಳಿಕ ಬೇರೆ ಬ್ಯಾಕ್ಟೀರಿಯಾಗಳಿಂದ ಫೀನಾಲನ್ನೂ ಥಯೋಸೈನೇಟನ್ನೂ ಕರಗಿಸಿ, ಕೊನೆಗೆ ನೈಟ್ರೀಕರಣಕ್ಕೆ ಬಿಡಬೇಕು. ಥಯೋಸೈನೇಟ್ ಒಡೆದಾಗ ಮತ್ತಷ್ಟು ಅಮೋನಿಯಾ ಹುಟ್ಟುವುದರಿಂದ ಈ ಅನುಕ್ರಮವನ್ನು ತಪ್ಪಿಸುವಂತಿಲ್ಲ. ಗಾಳಿರಹಿತ ತೊಟ್ಟಿಯನ್ನು ಮುಂದಿಟ್ಟರೆ ಫೀನಾಲೇ ವಿನೈಟ್ರೀಕರಣಕ್ಕೆ ಆಹಾರವಾಗುವುದೂ ಉಂಟು.

ಗಂಗಾವತಿ, ಕಾರಟಗಿ ಸೀಮೆಯ ಅಕ್ಕಿ ಗಿರಣಿಗಳದು ಬೇರೆ ಕಥೆ. ಕುಸುಬಲಕ್ಕಿಗಾಗಿ ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿದಾಗ ಪ್ರತಿ ಕಿಲೋ ಭತ್ತಕ್ಕೆ ಸುಮಾರು ಒಂದು ಲೀಟರ್ ಅಥವಾ ಅದಕ್ಕೂ ಹೆಚ್ಚು ಹಳದಿ ಬಣ್ಣದ ನೀರು ಉಳಿಯುತ್ತದೆ. ಒಂದೆರಡು ದಿನದಲ್ಲೇ ಅದು ನಾರುತ್ತದೆ. ಇದರಲ್ಲಿ ಸಾವಯವ ವಸ್ತು ಹೆಚ್ಚು, ಸಾರಜನಕ ಮತ್ತು ರಂಜಕ ಸಾಧಾರಣ. ಇಂಥ ನೀರನ್ನು ತಣಿಸಿ, ಮೊದಲು ಗಾಳಿರಹಿತ ವಿಧಾನದಲ್ಲಿ ಅನಿಲ ಉತ್ಪಾದನೆಗೆ ಬಳಸಿ, ಅನಂತರ ಗಾಳಿ ಹಾಯಿಸುವುದು ಕ್ರಮ. ಸಾವಯವ ಆಹಾರದ ಕೊರತೆಯಿರುವ ಬೇರೆ ತ್ಯಾಜ್ಯದ ವಿನೈಟ್ರೀಕರಣಕ್ಕೆ, ಕಾಕಂಬಿಯಂತೆ ಈ ನೀರನ್ನೂ ಆಹಾರವಾಗಿ ಬಳಸಲು ಸಾಧ್ಯವಿದೆ.

ಒಂದು ಲೆಕ್ಕ

ದಿನಕ್ಕೆ 10 ಲಕ್ಷ ಲೀಟರ್ ತ್ಯಾಜ್ಯನೀರು ಬಿಡುವ, ಲೀಟರಿಗೆ 100 ಮಿಲಿಗ್ರಾಂ ಅಮೋನಿಯಾ ಸಾರಜನಕವಿರುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳೋಣ. ಅಲ್ಲಿ ದಿನಕ್ಕೆ 100 ಕಿಲೋ ಸಾರಜನಕವನ್ನು ನಿವಾರಿಸಬೇಕು. ನೈಟ್ರೀಕರಣಕ್ಕೆ 457 ಕಿಲೋ ಆಮ್ಲಜನಕ ಬೇಕು. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟುವುದರಿಂದ, ಸುಣ್ಣದಕಲ್ಲಿನ ಲೆಕ್ಕದಲ್ಲಿ 714 ಕಿಲೋದಷ್ಟು ಕ್ಷಾರ ಖರ್ಚಾಗುತ್ತದೆ. ನೀರಿನಲ್ಲಿ ಅಷ್ಟು ಕ್ಷಾರವಿಲ್ಲದಿದ್ದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾಗಳ ಕೆಲಸ ನಿಂತುಹೋಗುತ್ತದೆ. ವಿನೈಟ್ರೀಕರಣವನ್ನೂ ಪೂರ್ಣಗೊಳಿಸಿದರೆ ಅರ್ಧದಷ್ಟು, ಅಂದರೆ 357 ಕಿಲೋ ಕ್ಷಾರ ಮರಳಿ ದೊರೆಯುತ್ತದೆ. ಆಮ್ಲಜನಕದ ಬಾಬ್ತಿನಲ್ಲೂ 286 ಕಿಲೋ ಉಳಿತಾಯ. ಎರಡನೆಯ ಹಂತವನ್ನು ಕೈಬಿಡುವುದು ಮಿತವ್ಯಯವೆಂದು ತೋರಿದರೂ ವಾಸ್ತವದಲ್ಲಿ ನಷ್ಟವೇ.

ಇದೇ 100 ಕಿಲೋ ಸಾರಜನಕ 217 ಕಿಲೋ ಯೂರಿಯಾಕ್ಕೆ, ಎಂದರೆ 45 ಕಿಲೋ ತೂಕದ ಸುಮಾರು ಐದು ಚೀಲಗಳಿಗೆ ಸಮ. ಹಂಗಾಮಿನಲ್ಲಿ ಗೊಬ್ಬರದಂಗಡಿಯ ಮುಂದೆ ಸಾಲುಗಟ್ಟುವ ಸೀಮೆಯಲ್ಲಿ ಈ ಹೋಲಿಕೆ ಅರ್ಥಪೂರ್ಣ. ಅಮೋನಿಯಾ ದಟ್ಟವಾಗಿರುವಲ್ಲಿ ಹಬೆಯಿಂದ ಬೇರ್ಪಡಿಸಿ ಅಮೋನಿಯಂ ಸಲ್ಫೇಟ್ ಗೊಬ್ಬರವಾಗಿಸುವುದು ಲಾಭಕರ. ತೆಳುವಾಗಿರುವಲ್ಲಿ, ವಿಷಗಳೊಂದಿಗೆ ಬೆರೆತಿರುವಲ್ಲಿ ಬ್ಯಾಕ್ಟೀರಿಯಾವೇ ಗತಿ.

ಗಾಳಿಯೂ ಆಹಾರವೂ ಕಡಿಮೆ ಬೇಡುವ ಹೊಸ ದಾರಿ

ಅಮೋನಿಯಾ ಮತ್ತು ನೈಟ್ರೈಟ್ ಎರಡನ್ನೂ ಕೂಡಿಸಿ ಆಮ್ಲಜನಕವಿಲ್ಲದೆಯೇ ನೇರವಾಗಿ ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾ ಇರಬಹುದೆಂದು ಆಸ್ಟ್ರಿಯದ ಎಂಗೆಲ್‌ಬರ್ಟ್ ಬ್ರೋಡಾ 1977ರಲ್ಲಿ ಲೆಕ್ಕಾಚಾರದಿಂದಲೇ ಊಹಿಸಿದ್ದರು. ನೆದರ್ಲೆಂಡ್ಸಿನ ಡೆಲ್ಫ್ಟ್ ನಗರದ ಯೀಸ್ಟ್ ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಆ ಕ್ರಿಯೆ ಪತ್ತೆಯಾಗಿ 1995ರಲ್ಲಿ ವರದಿಯಾಯಿತು. ಅನಾಮಾಕ್ಸ್ ಎಂದು ಹೆಸರಾದ ಈ ವಿಧಾನದ ಮೊದಲ ಪೂರ್ಣಪ್ರಮಾಣದ ಘಟಕ 2002ರಲ್ಲಿ ರೋಟರ್‌ಡ್ಯಾಮಿನಲ್ಲಿ ಆರಂಭವಾಯಿತು. ಇದರಲ್ಲಿ ಅರ್ಧದಷ್ಟು ಅಮೋನಿಯಾವನ್ನು ನೈಟ್ರೈಟ್ ಹಂತಕ್ಕೆ ಮಾತ್ರ ಒಯ್ದರೆ ಸಾಕು. ಗಾಳಿಯ ಖರ್ಚಿನಲ್ಲಿ ಸುಮಾರು ಶೇ. 60ರಷ್ಟು ಉಳಿತಾಯವಾಗುತ್ತದೆ, ಸಾವಯವ ಆಹಾರವೇ ಬೇಕಿಲ್ಲ.

ಅನಾಮಾಕ್ಸ್ ಬ್ಯಾಕ್ಟೀರಿಯಾಗಳಿಗೆ 30ರಿಂದ 35 ಡಿಗ್ರಿಯ ಬೆಚ್ಚನೆಯ ನೀರು ಹಿತ. ಶೀತದೇಶಗಳು ನೀರನ್ನು ಕಾಯಿಸಿ ಪಡೆಯುವ ಈ ಉಷ್ಣತೆ ಬಯಲುಸೀಮೆಯಲ್ಲಿ ವರ್ಷದ ಬಹುಕಾಲ ಪುಕ್ಕಟೆಯಾಗಿ ದೊರೆಯುತ್ತದೆ. ಆದರೆ ಇವುಗಳ ಸಂಖ್ಯೆ ಇಮ್ಮಡಿಯಾಗಲು ಒಂದೆರಡು ವಾರಗಳೇ ಬೇಕು. ಒಮ್ಮೆ ಸತ್ತರೆ ಘಟಕ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಸಾವಯವ ವಸ್ತು ಹೆಚ್ಚಿರುವ ನೀರಿಗೆ ಈ ವಿಧಾನ ಒಗ್ಗುವುದಿಲ್ಲ.

ಘಟಕಗಳು ಸೋಲುವುದೆಲ್ಲಿ?

ಬ್ಯಾಕ್ಟೀರಿಯಾ ಯಂತ್ರವಲ್ಲ, ಜೀವಿ. ವಿದ್ಯುತ್ ವೆಚ್ಚ ಉಳಿಸಲು ರಾತ್ರಿಯಿಡೀ ಗಾಳಿಯಂತ್ರ ನಿಲ್ಲಿಸಿದರೆ ನೈಟ್ರೀಕರಣ ಕುಸಿಯುತ್ತದೆ. ಕೆಸರನ್ನು ಅವಸರದಿಂದ ಹೊರಹಾಕಿದರೆ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ತೊಳೆದುಹೋಗುತ್ತವೆ. ತ್ಯಾಜ್ಯನೀರಿನ ತಾಪ 40 ಡಿಗ್ರಿ ದಾಟಿದರೆ ಅವು ಬದುಕುವುದು ಕಷ್ಟ. ಗಾಳಿ ಸಾಲದಾದಾಗ ಅರೆಬರೆ ಕ್ರಿಯೆಯಿಂದ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲ ಅನಿಲ.

ಹೊಸ ಘಟಕಕ್ಕೆ ಸಗಣಿ ಕದಡಿ ಹಾಕುವ ರೂಢಿ ನಮ್ಮಲ್ಲಿದೆ. ಸಾವಯವ ವಸ್ತುವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ಹೇರಳ, ನೈಟ್ರೀಕರಣದವು ವಿರಳ. ಮಾರುಕಟ್ಟೆಯಲ್ಲಿ ಪುಡಿರೂಪದಲ್ಲಿ ದೊರೆಯುವ ಬ್ಯಾಕ್ಟೀರಿಯಾಗಳ ಬಗೆಗೂ ಎಚ್ಚರ ಅಗತ್ಯ. ನೈಟ್ರೀಕರಣದ ಬ್ಯಾಕ್ಟೀರಿಯಾಗಳು ಬೀಜಾಣು ಕಟ್ಟುವ ಜಾತಿಯವಲ್ಲ. ಒಣಗಿಸಿದರೆ ಸುಲಭವಾಗಿ ಬದುಕುಳಿಯುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಬೇರೊಂದು ಘಟಕದ ಹಸಿ ಕೆಸರನ್ನು ತಂದು ಹೆಪ್ಪು ಹಾಕುವುದೇ ವಿಶ್ವಾಸಾರ್ಹ ಕ್ರಮ.

ಕಾನೂನಿನ ಅಳತೆಗೋಲು

ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡದಂತೆ ನದಿ, ಹಳ್ಳಗಳಿಗೆ ಬಿಡುವ ತ್ಯಾಜ್ಯದಲ್ಲಿ ಲೀಟರಿಗೆ ಅಮೋನಿಯಾ ಸಾರಜನಕ 50, ಮುಕ್ತ ಅಮೋನಿಯಾ 5, ನೈಟ್ರೇಟ್ ಸಾರಜನಕ 10 ಮಿಲಿಗ್ರಾಂ ಮೀರಬಾರದು. ಇಲ್ಲೊಂದು ಸೂಕ್ಷ್ಮವಿದೆ. 40 ಮಿಲಿಗ್ರಾಂ ಅಮೋನಿಯಾ ಇರುವ ನೀರು ಆ ಮಟ್ಟಿಗೆ ನಿಯಮಬದ್ಧ. ಅದನ್ನು ಗಾಳಿ ಹಾಯಿಸಿ ಪೂರ್ತಿ ನೈಟ್ರೇಟ್ ಆಗಿಸಿದರೆ ಅದೇ ನೀರು ನೈಟ್ರೇಟಿನ ಮಿತಿಯನ್ನು ನಾಲ್ಕು ಪಟ್ಟು ಮೀರುತ್ತದೆ. ಅರ್ಧ ಶುದ್ಧೀಕರಣ ಶುದ್ಧೀಕರಣವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನೊಂದು ಸೂಕ್ಷ್ಮ, ಪರೀಕ್ಷೆಗೆ ಸಂಬಂಧಿಸಿದ್ದು. ಕಾರ್ಖಾನೆಗಳ ಚರ್ಚೆಯಲ್ಲಿ ಪದೇಪದೇ ಕೇಳಿಬರುವ ಬಿಓಡಿ, ಸಿಓಡಿ ಅಂಕಿಗಳು ಸಾವಯವ ವಸ್ತುವಿನ ಅಳತೆಗಳು. ಸಿಓಡಿ ಪರೀಕ್ಷೆ ಅಮೋನಿಯಾವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 27 ಡಿಗ್ರಿಯಲ್ಲಿ ಮೂರು ದಿನ ನಡೆಸುವ ಬಿಓಡಿ ಪರೀಕ್ಷೆಯಲ್ಲೂ ನಿಧಾನಗತಿಯ ನೈಟ್ರೀಕರಣ ಬಹುಮಟ್ಟಿಗೆ ಗೋಚರಿಸುವುದಿಲ್ಲ. ಎರಡೂ ಅಂಕಿ ಉತ್ತಮವಾಗಿರುವ ನೀರೇ ನದಿಯ ಆಮ್ಲಜನಕವನ್ನು ಬರಿದು ಮಾಡಬಲ್ಲದು. ಆದ್ದರಿಂದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ಅರ್ಜಿಗಳಲ್ಲಿ, ಅಮೋನಿಯಾ ಸಾರಜನಕ ಮತ್ತು ನೈಟ್ರೇಟ್ ಸಾರಜನಕದ ಅಂಕಿಗಳನ್ನು ಹೆಸರಿಸಿಯೇ ಕೇಳಬೇಕು.

ಕುಷ್ಟಗಿ, ಯಲಬುರ್ಗಾದ ಬಾವಿಗಳು

ಈ ಎರಡು ಸೀಮೆಗಳ ಅಂತರ್ಜಲದ ಫ್ಲೋರೈಡ್ ಸಮಸ್ಯೆ ಬಹುಕಾಲದಿಂದ ಸುದ್ದಿಯಲ್ಲಿದೆ. ನೈಟ್ರೇಟ್ ಅದರಷ್ಟು ಸುದ್ದಿ ಮಾಡಿಲ್ಲ. ಫ್ಲೋರೈಡ್ ಬಂಡೆಯಿಂದ ಕರಗಿ ಬಂದರೆ, ನೈಟ್ರೇಟ್ ಬರುವುದು ಮುಖ್ಯವಾಗಿ ತಿಪ್ಪೆಗುಂಡಿ, ಶೌಚಗುಂಡಿ, ಚರಂಡಿ ಮತ್ತು ಗೊಬ್ಬರದಿಂದ. ಮಣ್ಣಿನ ಮೇಲ್ಪದರದಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದು ಗಟ್ಟಿ ಬಂಡೆಯ ಬಿರುಕುಗಳಿಗೆ ಇಳಿದ ಮೇಲೆ ವಿನೈಟ್ರೀಕರಣಕ್ಕೆ ಬೇಕಾದ ಸಾವಯವ ಆಹಾರ ಅಲ್ಲಿಲ್ಲದ ಕಾರಣ ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು. ಮೊದಲ ಪಾಳಿ ದುಡಿದು, ಎರಡನೆಯ ಪಾಳಿಗೆ ಕೆಲಸಗಾರರೇ ಬಾರದಂತಾಗುತ್ತದೆ.

ನೈಟ್ರೇಟ್ ಇರುವ ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಫ್ಲೋರೈಡ್ ತೆಗೆಯುವ ಅಲ್ಯೂಮಿನಾ ಶೋಧಕವೂ ಅದನ್ನು ತಡೆಯದು. ಗ್ರಾಮಗಳಲ್ಲಿರುವ ಆರ್‌ಓ ಘಟಕಗಳು ಎರಡನ್ನೂ ಬಹುಮಟ್ಟಿಗೆ ತೆಗೆಯುತ್ತವೆ. ಆದರೆ ಅವು ನೈಟ್ರೇಟನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತವೆ ಅಷ್ಟೆ. ದಟ್ಟವಾದ ತ್ಯಾಜ್ಯನೀರನ್ನು ಘಟಕದ ಪಕ್ಕದಲ್ಲೇ ಹರಿಯಬಿಟ್ಟರೆ ಅದು ಮರಳಿ ಅದೇ ಕೊಳವೆಬಾವಿಯ ಕಡೆಗೆ ಇಂಗಬಹುದು. ಈ ನೀರಿಗೊಂದು ಸರಿಯಾದ ವಿಲೇವಾರಿ ವ್ಯವಸ್ಥೆ ಮಾಡುವುದು ಗ್ರಾಮ ಪಂಚಾಯಿತಿಗಳ ಕೈಯಳತೆಯಲ್ಲಿರುವ ಕೆಲಸ. ಹಸುಗೂಸಿರುವ ಮನೆಯವರು ಕೊಳವೆಬಾವಿಯ ನೀರನ್ನು ನೈಟ್ರೇಟ್ ಪರೀಕ್ಷೆಗೆ ಒಳಪಡಿಸದೆ ಮಗುವಿನ ಆಹಾರಕ್ಕೆ ಬಳಸದಿರುವುದು ಕ್ಷೇಮ.

ಸಾರಜನಕವನ್ನು ಗಾಳಿಯಿಂದ ಹಿಡಿದು ಗೊಬ್ಬರವಾಗಿಸಲು ನೈಸರ್ಗಿಕ ಅನಿಲ ಸುಡುತ್ತೇವೆ. ನೀರಿಗೆ ಸೇರಿದ ಅದನ್ನು ಮರಳಿ ಗಾಳಿಗೆ ಬಿಡಲು ವಿದ್ಯುತ್ ಸುಡುತ್ತೇವೆ. ಎರಡೂ ಕಡೆ ತೆರುವುದು ಸಮಾಜವೇ. ಆದಕಾರಣ ಕೊಪ್ಪಳದಂಥ ಜಿಲ್ಲೆಯಲ್ಲಿ ಕ್ರಮ ಹೀಗಿರಬೇಕು: ವಿಷ ಬೆರೆಯದ ಊರಿನ ಚರಂಡಿ ನೀರನ್ನು ಶುದ್ಧೀಕರಿಸಿ ಹೊಲಕ್ಕೆ ಹಾಯಿಸುವುದು, ದಟ್ಟವಾದ ಅಮೋನಿಯಾವನ್ನು ಗೊಬ್ಬರವಾಗಿ ಮರಳಿ ಪಡೆಯುವುದು, ಉಳಿದದ್ದನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಿ ಎರಡೂ ಹಂತಗಳನ್ನು ಪೂರ್ಣಗೊಳಿಸುವುದು. ಹೊಸ ಕಾರ್ಖಾನೆಗಳಿಗೆ ಅನುಮತಿ ನೀಡುವ ಮುನ್ನ ಈ ಮೂರರಲ್ಲಿ ಯಾವುದನ್ನು, ಎಷ್ಟು ಪ್ರಮಾಣದಲ್ಲಿ ಮಾಡಲಾಗುವುದೆಂದು ಕೇಳುವ ಹಕ್ಕು ತುಂಗಭದ್ರೆಯ ನೀರು ಕುಡಿಯುವ ಪ್ರತಿಯೊಬ್ಬರಿಗೂ ಇದೆ.